ರದ್ದಿಯ ರಾಶಿಯಿಂದ ಕಥೆಗಳನ್ನು ಉಳಿಸಿದ ಜುಡಿತ್ ಮೆರಿಲ್

ಪತ್ರಿಕೆಯಲ್ಲಿ ಅಚ್ಚಾದ ಸಣ್ಣಕಥೆಯ ಆಯುಷ್ಯ ಬಹಳ ಕಡಿಮೆ. ದೀಪಾವಳಿ ವಿಶೇಷಾಂಕಗಳನ್ನು ಆಸೆಯಿಂದ ಕೊಂಡು ಓದುವ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಸಂಚಿಕೆ ಬರುವವರೆಗೆ ಹಳೆಯದು ಮೇಜಿನ ಮೇಲಿರುತ್ತದೆ. ಆಮೇಲೆ ತಕ್ಕಡಿ ಏರಿ ರದ್ದಿ ಅಂಗಡಿ ಸೇರುತ್ತದೆ. ಕಥೆಗಾರರು ಮುಂದೆ ಸಂಕಲನ ತಂದರೆ ಕಥೆ ಉಳಿಯಿತು, ಇಲ್ಲವಾದರೆ ಇಲ್ಲ.

ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ವಿಜ್ಞಾನ ಕಥೆಗಳಿಗೆ ಈ ಅಪಾಯ ಇನ್ನೂ ಹೆಚ್ಚಾಗಿತ್ತು. ಅವು ಹುಟ್ಟಿದ್ದೇ ಅಗ್ಗದ ಕಾಗದದ ಮಾಸಿಕಗಳಲ್ಲಿ. ಗಂಭೀರ ವಿಮರ್ಶಕರು ಅವುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಂಥ ಕಾಲದಲ್ಲಿ ವರ್ಷವಿಡೀ ಹೊರಬಂದ ಪತ್ರಿಕೆಗಳನ್ನು ಜಾಲಾಡಿ, ಉಳಿಯಬೇಕಾದ ಕಥೆ ಯಾವುದು, ಏಕೆ ಎಂದು ಹೇಳುವುದನ್ನೇ ಬದುಕಿನ ಕೆಲಸವಾಗಿಸಿಕೊಂಡವರು ಜುಡಿತ್ ಮೆರಿಲ್. ಕಥೆಗಾರ್ತಿಯಾಗಿ ಹೆಸರು ಮಾಡಿದ್ದ ಅವರು ಓದುಗಿಯಾಗಿ ಇನ್ನೂ ದೊಡ್ಡ ಕೆಲಸ ಮಾಡಿದರು. ಅದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ.

ಅಪ್ಪನಿಲ್ಲದ ಮನೆ

ಮೆರಿಲ್ ಹುಟ್ಟಿದ್ದು 1923ರ ಜನವರಿ 21ರಂದು, ಅಮೆರಿಕದ ಬಾಸ್ಟನ್ ನಗರದ ಯಹೂದಿ ಕುಟುಂಬದಲ್ಲಿ. ಹೆತ್ತವರಿಟ್ಟ ಹೆಸರು ಜುಡಿತ್ ಗ್ರಾಸ್‌ಮನ್. ತಂದೆ ಯಿಡ್ಡಿಷ್ ಭಾಷೆಯ ಬರಹಗಾರರು. ಮಗಳು ಆರು ವರ್ಷದವಳಿದ್ದಾಗ ಅವರು ಆತ್ಮಹತ್ಯೆ ಮಾಡಿಕೊಂಡರು. ತಾಯಿ ಎಥೆಲ್ ದುಡಿದು ಮಗಳನ್ನು ಬೆಳೆಸಿದರು. 1936ರಲ್ಲಿ ಅವರಿಗೆ ನ್ಯೂಯಾರ್ಕ್‌ನ ಬ್ರಾಂಕ್ಸ್ ಬಡಾವಣೆಯಲ್ಲಿ ಕೆಲಸ ದೊರೆತದ್ದರಿಂದ ತಾಯಿ-ಮಗಳು ಅಲ್ಲಿಗೆ ಬಂದು ನೆಲೆಸಿದರು.

ಅದು ಆರ್ಥಿಕ ಮಹಾಕುಸಿತದ ಕಾಲ. ಬ್ರಾಂಕ್ಸ್‌ನ ಬೀದಿಗಳಲ್ಲಿ ರಾಜಕೀಯ ಚರ್ಚೆ ಬಿಸಿಯಾಗಿತ್ತು. ಹದಿಹರೆಯದ ಜುಡಿತ್ ಮೊದಲು ಜಿಯೋನಿಸ್ಟ್ ವಿಚಾರಗಳತ್ತಲೂ ಬಳಿಕ ಎಡಪಂಥೀಯ ಚಳವಳಿಯತ್ತಲೂ ಒಲಿದರು. ಅಂಥದೇ ರಾಜಕೀಯ ವಲಯದಲ್ಲಿ ಪರಿಚಯವಾದ ಡ್ಯಾನ್ ಜಿಸ್‌ಮನ್ ಅವರನ್ನು 1940ರಲ್ಲಿ ವಿವಾಹವಾದಾಗ ಅವರ ವಯಸ್ಸು 17. 1942ರ ಡಿಸೆಂಬರ್‌ನಲ್ಲಿ ಹುಟ್ಟಿದ ಮಗಳಿಗೆ ಮೆರಿಲ್ ಎಂದು ಹೆಸರಿಟ್ಟರು. ಮುಂದೆ ಆ ಹೆಸರನ್ನೇ ತಮ್ಮ ಕಾವ್ಯನಾಮಕ್ಕೆ ತೆಗೆದುಕೊಂಡರು. ತಂದೆಯ ಅಥವಾ ಗಂಡನ ಹೆಸರನ್ನು ಹೊರುವುದು ರೂಢಿಯಾಗಿದ್ದ ಕಾಲದಲ್ಲಿ ಮಗಳ ಹೆಸರನ್ನು ಹೊತ್ತ ತಾಯಿ ಅವರು.

ತಿರುಳು ಕಾಗದದ ಲೋಕ

ವಿಜ್ಞಾನ ಕಥೆಗಳಿಗೇ ಮೀಸಲಾದ ಅಮೆರಿಕದ ಮೊದಲ ಮಾಸಿಕ ‘ಅಮೇಜಿಂಗ್ ಸ್ಟೋರೀಸ್’. ಹ್ಯೂಗೋ ಗರ್ನ್ಸ್‌ಬ್ಯಾಕ್ ಅದನ್ನು ಆರಂಭಿಸಿದ್ದು 1926ರಲ್ಲಿ. ಅನಂತರ ಇಂಥ ಪತ್ರಿಕೆಗಳು ಒಂದರ ಹಿಂದೊಂದು ಬಂದವು. ಮರದ ತಿರುಳಿನಿಂದ ಮಾಡಿದ ಒರಟು ಕಾಗದ, ಕಣ್ಣು ಕುಕ್ಕುವ ಬಣ್ಣದ ಮುಖಪುಟ, ಕಡಿಮೆ ಬೆಲೆ ಇವುಗಳ ಗುರುತು. ಕೆಲವೇ ವರ್ಷಗಳಲ್ಲಿ ಪುಟಗಳು ಕಂದುಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುತ್ತಿದ್ದವು.

ಈ ಪತ್ರಿಕೆಗಳಿಗೆ ಓದುಗರಷ್ಟೇ ಅಲ್ಲ, ಅಭಿಮಾನಿ ಸಂಘಗಳೂ ಇದ್ದವು. ನ್ಯೂಯಾರ್ಕ್‌ನ ‘ಫ್ಯೂಚರಿಯನ್ಸ್’ ಅವುಗಳಲ್ಲಿ ಪ್ರಸಿದ್ಧ. ಐಸಾಕ್ ಅಸಿಮೋವ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲೂತ್, ಡೇಮನ್ ನೈಟ್, ಜೇಮ್ಸ್ ಬ್ಲಿಶ್ ಮೊದಲಾದವರು ಆ ಬಳಗದವರು. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಮೆರಿಲ್ ಈ ಗುಂಪನ್ನು ಸೇರಿದರು. ಬಹುತೇಕ ಗಂಡಸರೇ ತುಂಬಿದ್ದ ಆ ಕೂಟದಲ್ಲಿ ಸಮಾನಳಾಗಿ ನಿಂತು ವಾದಿಸಿದರು.

ಯುದ್ಧ ಮುಗಿಯುವ ಹೊತ್ತಿಗೆ ಮೊದಲ ದಾಂಪತ್ಯ ಮುರಿದಿತ್ತು. ಎಳೆಯ ಮಗಳೊಂದಿಗೆ ಬದುಕು ಸಾಗಿಸಬೇಕಿದ್ದ ಅವರು ಗಂಡಸರ ಹೆಸರುಗಳ ಮರೆಯಲ್ಲಿ ಕ್ರೀಡಾ ಕಥೆ, ಕೌಬಾಯ್ ಕಥೆಗಳನ್ನು ಬರೆದು ಅಗ್ಗದ ಪತ್ರಿಕೆಗಳಿಗೆ ಮಾರಿದರು. 1947ರಿಂದ ಸುಮಾರು ಎರಡು ವರ್ಷ ಬ್ಯಾಂಟಮ್ ಪ್ರಕಾಶನದಲ್ಲಿ ಸಂಪಾದಕಿಯಾಗಿ ದುಡಿದರು. ಅಚ್ಚಿಗೆ ಹೋಗುವ ಪುಸ್ತಕದ ಒಳಹೊರಗನ್ನು ಅವರು ಕಲಿತದ್ದು ಅಲ್ಲಿ.

ಮೊದಲ ಕಥೆಯ ಪೆಟ್ಟು

1948ರ ಜೂನ್ ತಿಂಗಳ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಅವರ ಮೊದಲ ವಿಜ್ಞಾನ ಕಥೆ ‘ದಟ್ ಓನ್ಲಿ ಎ ಮದರ್’ ಪ್ರಕಟವಾಯಿತು. ಜಾನ್ ಕ್ಯಾಂಪ್‌ಬೆಲ್ ಸಂಪಾದಕರಾಗಿದ್ದ ಈ ಪತ್ರಿಕೆಯಲ್ಲಿ ಎಂಜಿನಿಯರ್‌ಗಳು, ಬಾಹ್ಯಾಕಾಶ ನೌಕೆಗಳು, ಬುದ್ಧಿವಂತ ಯಂತ್ರಗಳು ಮೆರೆಯುತ್ತಿದ್ದ ಕಾಲವದು. ಮೆರಿಲ್ ಅವರ ಕಥೆ ನಡೆಯುವುದು ಮಾತ್ರ ಮನೆಯೊಳಗೆ.

ಅಣುಯುದ್ಧದ ನಡುವೆ ತಾಯಿಯೊಬ್ಬಳು ಹೆರುತ್ತಾಳೆ. ದೂರದಲ್ಲಿ ಕೆಲಸದಲ್ಲಿರುವ ಗಂಡನಿಗೆ ಮಗುವಿನ ಚುರುಕುತನವನ್ನು ಬಣ್ಣಿಸಿ ಪತ್ರ ಬರೆಯುತ್ತಾಳೆ. ಮಗು ತಿಂಗಳುಗಳಲ್ಲೇ ಮಾತನಾಡುತ್ತದೆ, ಹಾಡುತ್ತದೆ. ಗಂಡ ಮನೆಗೆ ಬಂದು ಮಗುವನ್ನು ಎತ್ತಿಕೊಂಡಾಗ ಅದಕ್ಕೆ ಕೈಕಾಲುಗಳೇ ಇಲ್ಲವೆಂಬುದು ತಿಳಿಯುತ್ತದೆ. ತಾಯಿಯ ಕಣ್ಣಿಗೆ ಅದು ಕಂಡೇ ಇಲ್ಲ. ಹಿರೋಶಿಮಾ ದುರಂತ ನಡೆದು ಮೂರು ವರ್ಷವೂ ತುಂಬದ ಹೊತ್ತಿನಲ್ಲಿ ಬಂದ ಈ ಕಥೆ ಓದುಗರನ್ನು ತಲ್ಲಣಗೊಳಿಸಿತು. ಅಮೆರಿಕದ ವಿಜ್ಞಾನ ಕಥೆಗಾರರ ಸಂಘದ ಸದಸ್ಯರ ಮತದ ಆಧಾರದ ಮೇಲೆ 1970ರಲ್ಲಿ ಹೊರಬಂದ ಶ್ರೇಷ್ಠ ಕಥೆಗಳ ಸಂಪುಟದಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು. ಆ ಸಂಪುಟದಲ್ಲಿ ತನ್ನ ಹೆಸರಿನಲ್ಲಿ ಒಬ್ಬಳೇ ಬರೆದ ಕಥೆಯೊಂದಿಗೆ ಕಾಣಿಸಿಕೊಂಡ ಮಹಿಳೆ ಮೆರಿಲ್ ಒಬ್ಬರೇ.

1950ರಲ್ಲಿ ‘ಶಾಡೋ ಆನ್ ದ ಹಾರ್ತ್’ ಕಾದಂಬರಿ ಬಂತು. ನ್ಯೂಯಾರ್ಕ್ ಮೇಲೆ ಅಣುಬಾಂಬ್ ಬಿದ್ದಾಗ ಹೊರವಲಯದ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಉಳಿದ ಗೃಹಿಣಿಯ ಕಥೆಯದು. 1954ರಲ್ಲಿ ದೂರದರ್ಶನ ನಾಟಕವಾಗಿಯೂ ಪ್ರಸಾರವಾಯಿತು. ಅದೇ ವರ್ಷ ಅವರು ಬರೆದ ‘ಡೆಡ್ ಸೆಂಟರ್’ ಕಥೆಯನ್ನು ಮುಖ್ಯವಾಹಿನಿಯ ವಾರ್ಷಿಕ ಆಯ್ಕೆಯಾದ ‘ಬೆಸ್ಟ್ ಅಮೆರಿಕನ್ ಶಾರ್ಟ್ ಸ್ಟೋರೀಸ್’ನ 1955ರ ಸಂಪುಟ ಸೇರಿಸಿಕೊಂಡಿತು. ವಿಜ್ಞಾನ ಕಥಾ ಪತ್ರಿಕೆಗಳಿಂದ ಅಲ್ಲಿಗೆ ಪ್ರವೇಶ ಸಿಗುವುದು ಅಪರೂಪವಾಗಿತ್ತು.

ವೈಯಕ್ತಿಕ ಬದುಕು ಮಾತ್ರ ನೆಮ್ಮದಿಯದಾಗಿರಲಿಲ್ಲ. 1948ರಲ್ಲಿ ಫ್ರೆಡರಿಕ್ ಪೋಲ್ ಅವರನ್ನು ಮದುವೆಯಾದರು. 1950ರಲ್ಲಿ ಎರಡನೇ ಮಗಳು ಆ್ಯನ್ ಹುಟ್ಟಿದಳು. ಕೆಲವೇ ವರ್ಷಗಳಲ್ಲಿ ಆ ಸಂಬಂಧವೂ ಕಡಿದುಹೋಯಿತು. ಮಗುವಿನ ಪಾಲನೆಯ ಹಕ್ಕಿಗಾಗಿ ಕಹಿಯಾದ ಹೋರಾಟ ನಡೆಯಿತು. ಲೇಖನಿಯೊಂದನ್ನೇ ನಂಬಿದ ತಾಯಿಗೆ ಆದಾಯದ ಭರವಸೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ಸಂಕಲನಗಳ ಸಂಪಾದನೆ ಅವರ ಕೈಹಿಡಿಯಿತು.

ವರ್ಷಕ್ಕೊಮ್ಮೆ ಕೊಯ್ಲು

1953ರ ಸುಮಾರಿಗೆ ಅಮೆರಿಕದಲ್ಲಿ 30ಕ್ಕೂ ಹೆಚ್ಚು ವಿಜ್ಞಾನ ಕಥಾ ಪತ್ರಿಕೆಗಳಿದ್ದವು. ಇವೆಲ್ಲವನ್ನೂ ಕೊಂಡು ಓದುವುದು ಸಾಮಾನ್ಯ ಓದುಗರಿಗೆ ಆಗದ ಮಾತು. ವರ್ಷದ ಅತ್ಯುತ್ತಮ ಕಥೆಗಳನ್ನು ಒಂದೆಡೆ ತರುವ ಯತ್ನವನ್ನು ಎವರೆಟ್ ಬ್ಲೈಲರ್ ಮತ್ತು ಟಿ.ಇ. ಡಿಕ್ಟಿ 1949ರಲ್ಲೇ ಆರಂಭಿಸಿದ್ದರು. 1956ರಲ್ಲಿ ಮೆರಿಲ್ ತಮ್ಮದೇ ವಾರ್ಷಿಕ ಮಾಲಿಕೆಯನ್ನು ಹೊರತಂದರು. ಚಲನಚಿತ್ರ ನಿರ್ದೇಶಕ ಆರ್ಸನ್ ವೆಲ್ಸ್ ಮೊದಲ ಸಂಪುಟಕ್ಕೆ ಮುನ್ನುಡಿ ಬರೆದರು.

ಆ ಸಂಪುಟವನ್ನು ಇಂದು ತೆರೆದರೂ ಸಂಪಾದಕಿಯ ಮನಸ್ಸು ಅರ್ಥವಾಗುತ್ತದೆ. ಅಸಿಮೋವ್, ಥಿಯೊಡೋರ್ ಸ್ಟರ್ಜನ್, ಡೇಮನ್ ನೈಟ್ ಅವರಂಥ ವಿಜ್ಞಾನ ಕಥಾ ಪತ್ರಿಕೆಗಳ ನಿತ್ಯದ ಹೆಸರುಗಳು ಅಲ್ಲಿವೆ. ಅವರ ಮಗ್ಗುಲಲ್ಲೇ ಸಾಹಿತ್ಯ ವಲಯದಲ್ಲಿ ಖ್ಯಾತರಾದ ಶರ್ಲಿ ಜಾಕ್ಸನ್ ಇದ್ದಾರೆ, ದೂರದರ್ಶನದ ಜನಪ್ರಿಯ ನಿರೂಪಕ ಸ್ಟೀವ್ ಆ್ಯಲೆನ್ ಕೂಡ ಇದ್ದಾರೆ. ಕಥೆ ಎಲ್ಲಿ ಅಚ್ಚಾಯಿತು ಎಂಬುದಕ್ಕಿಂತ ಅದು ಯಾವ ಪ್ರಶ್ನೆ ಕೇಳುತ್ತದೆ ಎಂಬುದೇ ಆಯ್ಕೆಯ ಅಳತೆಗೋಲಾಗಿತ್ತು.

ಈ ಕೆಲಸ ಹೊರಗಿನವರಿಗೆ ಸುಲಭವೆಂದು ಕಾಣಬಹುದು. ಹಿಂದಿನ ವರ್ಷದ ಸಂಚಿಕೆಗಳನ್ನೆಲ್ಲ ಓದಬೇಕು. ಮರುಮುದ್ರಣಕ್ಕೆ ಅನುಮತಿ ಪಡೆಯಬೇಕು. ಒಂದು ಕಥೆ ಮತ್ತೊಂದರ ಸದ್ದಡಗಿಸದಂತೆ ಅನುಕ್ರಮ ಹೊಂದಿಸಬೇಕು. ಮೆರಿಲ್ ಪ್ರತಿ ಕಥೆಗೂ ಪುಟ್ಟದೊಂದು ಪರಿಚಯ ಬರೆಯುತ್ತಿದ್ದರು. ಸಂಪುಟದ ಕೊನೆಗೆ ವರ್ಷದ ಸಮೀಕ್ಷೆಯನ್ನೂ, ಜಾಗ ಸಾಲದೆ ಹೊರಗುಳಿದ ಉತ್ತಮ ಕಥೆಗಳ ಪಟ್ಟಿಯನ್ನೂ ಕೊಡುತ್ತಿದ್ದರು. ಸಣ್ಣ ಪತ್ರಿಕೆಯಲ್ಲಿ ಒಂದೇ ಕಥೆ ಬರೆದ ಹೊಸಬರಿಗೆ ಆ ಪಟ್ಟಿಯಲ್ಲಿ ಹೆಸರು ಕಂಡರೂ ಸಾಕು, ಯಾರೋ ಓದಿದ್ದಾರೆ ಎಂಬ ಧೈರ್ಯ ಬರುತ್ತಿತ್ತು.

ಅದೇ 1956ರಲ್ಲಿ ಡೇಮನ್ ನೈಟ್ ಮತ್ತು ಜೇಮ್ಸ್ ಬ್ಲಿಶ್ ಅವರ ಜೊತೆಗೂಡಿ ಪೆನ್ಸಿಲ್ವೇನಿಯಾದ ಮಿಲ್ಫರ್ಡ್ ಊರಿನಲ್ಲಿ ಲೇಖಕರ ಸಮಾವೇಶವನ್ನು ಆರಂಭಿಸಿದರು. ಲೇಖಕರು ಹಸ್ತಪ್ರತಿಗಳನ್ನು ತಂದು, ಒಬ್ಬರ ಕಥೆಯನ್ನು ಇನ್ನೊಬ್ಬರು ಮುಖದ ಮುಂದೆಯೇ ವಿಮರ್ಶಿಸುವ ಪದ್ಧತಿ ಅಲ್ಲಿತ್ತು. ಇಂದಿನ ಅನೇಕ ವಿಜ್ಞಾನ ಕಥಾ ಕಮ್ಮಟಗಳಿಗೆ ಅದು ಮಾದರಿಯಾಯಿತು.

ಬೇಲಿಯಾಚೆಯ ಓದು

1957ರಲ್ಲಿ ಪತ್ರಿಕಾ ವಿತರಣೆಯ ದೊಡ್ಡ ಸಂಸ್ಥೆಯಾಗಿದ್ದ ಅಮೆರಿಕನ್ ನ್ಯೂಸ್ ಕಂಪನಿ ತನ್ನ ವಿತರಣಾ ವ್ಯವಹಾರವನ್ನು ನಿಲ್ಲಿಸಿತು. ಅಂಗಡಿಗಳಿಗೆ ತಲುಪುವ ದಾರಿಯೇ ಮುಚ್ಚಿದಂತಾಗಿ ಹಲವು ಕಥಾಪತ್ರಿಕೆಗಳು ನಿಂತವು. ವಿಜ್ಞಾನ ಕಥೆಯ ಕಾಲ ಮುಗಿಯಿತೆಂಬ ಮಾತು ಕೇಳಿಬರತೊಡಗಿತು. ಪತ್ರಿಕೆಗಳು ಕಡಿಮೆಯಾದಂತೆ ಮೆರಿಲ್ ತಮ್ಮ ಓದಿನ ಕ್ಷೇತ್ರವನ್ನು ಕುಗ್ಗಿಸಲಿಲ್ಲ, ಇನ್ನಷ್ಟು ಹಿಗ್ಗಿಸಿದರು. ಸಾಹಿತ್ಯಿಕ ತ್ರೈಮಾಸಿಕ, ಮಹಿಳಾ ಪತ್ರಿಕೆ, ಜನಪ್ರಿಯ ವಾರಪತ್ರಿಕೆ ಎಲ್ಲವನ್ನೂ ಹುಡುಕಿದರು.

ಹೀಗೆ ಅವರ ಸಂಪುಟಗಳಲ್ಲಿ ಜಾನ್ ಸ್ಟೈನ್‌ಬೆಕ್ ಬಂದರು, ಅರ್ಜೆಂಟೀನಾದ ಹೋರ್ಹೆ ಲೂಯಿಸ್ ಬೋರ್ಹೆಸ್ ಬಂದರು. ಮಂದಬುದ್ಧಿಯ ಯುವಕನೊಬ್ಬ ಶಸ್ತ್ರಚಿಕಿತ್ಸೆಯಿಂದ ಮೇಧಾವಿಯಾಗಿ ಮತ್ತೆ ಕೆಳಗಿಳಿಯುವ ಡೇನಿಯಲ್ ಕೀಸ್ ಅವರ ‘ಫ್ಲವರ್ಸ್ ಫಾರ್ ಆಲ್ಜರ್ನಾನ್’ 1959ರಲ್ಲಿ ಪತ್ರಿಕೆಯಲ್ಲಿ ಬಂದಾಗ ಮರುವರ್ಷದ ಸಂಪುಟಕ್ಕೆ ಅದನ್ನು ಆರಿಸಿಕೊಂಡರು. ವಿಜ್ಞಾನ ಕಥೆಯೆಂಬ ಹಣೆಪಟ್ಟಿ ಹೊತ್ತವರಿಗೂ ಹೊರದವರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದರು.

ಈ ಧಾರಾಳ ಎಲ್ಲರಿಗೂ ಹಿಡಿಸಲಿಲ್ಲ. ರಾಕೆಟ್ಟು, ಗ್ರಹ, ಗಣಿತ ಬಯಸುತ್ತಿದ್ದ ಹಳೆಯ ಓದುಗರು ಇದೆಂಥ ವಿಜ್ಞಾನ ಕಥೆ ಎಂದು ಕೇಳಿದರು. 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಮೆರಿಲ್ ಇದಕ್ಕೆ ಉತ್ತರಿಸಿದರು. ವಿಜ್ಞಾನವನ್ನು ಕಲಿಸುವ ಕಥೆ ಒಂದು ಬಗೆ, ಎಚ್ಚರಿಸುವ ಅಥವಾ ಬೋಧಿಸುವ ಕಥೆ ಇನ್ನೊಂದು ಬಗೆ. ಇವೆರಡಕ್ಕಿಂತ ಭಿನ್ನವಾಗಿ, ನಮಗೆ ಗೊತ್ತಿರುವ ಲೋಕದಲ್ಲಿ ಒಂದು ಬದಲಾವಣೆಯನ್ನು ಊಹಿಸಿ, ಮನುಷ್ಯ ಆಗ ಹೇಗೆ ವರ್ತಿಸುತ್ತಾನೆಂದು ಪ್ರಯೋಗದಂತೆ ಪರೀಕ್ಷಿಸುವ ಕಥೆ ಮೂರನೆಯದು. ಈ ಮೂರನೆಯ ಊಹಾತ್ಮಕ ಕಥನವೇ ಅವರಿಗೆ ಮುಖ್ಯವಾಗಿತ್ತು.

ಅಂಕಣಕಾರ್ತಿಯ ಹಟ

1965ರಲ್ಲಿ ‘ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್’ ಮಾಸಿಕದ ಪುಸ್ತಕ ವಿಮರ್ಶೆಯ ಅಂಕಣ ಮೆರಿಲ್ ಕೈಗೆ ಬಂತು. 1969ರವರೆಗೆ ಅವರು ಅದನ್ನು ನಡೆಸಿದರು. ಪುಸ್ತಕದ ಸಾರಾಂಶ ಹೇಳಿ ಅಂಕ ಕೊಡುವ ವಿಮರ್ಶೆ ಅವರದಾಗಿರಲಿಲ್ಲ. ಒಂದು ಪುಸ್ತಕವನ್ನು ಎತ್ತಿಕೊಂಡರೆ ಅದರ ಹಿಂದಿನ ಸಾಹಿತ್ಯ, ಆ ವರ್ಷದ ರಾಜಕೀಯ, ಬೀದಿಯ ಯುವಜನರ ಮನಃಸ್ಥಿತಿ ಎಲ್ಲವೂ ಚರ್ಚೆಗೆ ಬರುತ್ತಿದ್ದವು. ಮೆಚ್ಚುಗೆಯಲ್ಲಿ ಜಿಪುಣತನ ತೋರಲಿಲ್ಲ, ಭಿನ್ನಮತವನ್ನು ಮುಚ್ಚಿಡಲೂ ಇಲ್ಲ.

ಇಂಗ್ಲೆಂಡಿನಲ್ಲಿ ಆಗ ಹೊಸ ಗಾಳಿ ಬೀಸುತ್ತಿತ್ತು. 1964ರಲ್ಲಿ ಮೈಕೇಲ್ ಮೂರ್‌ಕಾಕ್ ಸಂಪಾದಕರಾದ ಮೇಲೆ ‘ನ್ಯೂ ವರ್ಲ್ಡ್ಸ್’ ಪತ್ರಿಕೆ ಜೆ.ಜಿ. ಬ್ಯಾಲಾರ್ಡ್ ಮೊದಲಾದವರ ಪ್ರಯೋಗಗಳಿಗೆ ವೇದಿಕೆಯಾಗಿತ್ತು. ದೂರದ ನಕ್ಷತ್ರಗಳನ್ನು ಬಿಟ್ಟು ಮನುಷ್ಯನ ಒಳಮನಸ್ಸಿನತ್ತ ತಿರುಗಿದ ಈ ಕಥೆಗಳನ್ನು ಮೆರಿಲ್ ಲಂಡನ್ನಿಗೇ ಹೋಗಿ, ಅಲ್ಲಿ ನೆಲೆಸಿ ಓದಿದರು. 1968ರಲ್ಲಿ ‘ಇಂಗ್ಲೆಂಡ್ ಸ್ವಿಂಗ್ಸ್ ಎಸ್‌ಎಫ್’ ಎಂಬ ಸಂಕಲನ ಹೊರತಂದರು. ಮಕ್ಕಳ ಹುಟ್ಟುಹಬ್ಬಕ್ಕೆ ಅಣಿಮಾಡುತ್ತಿರುವ ಗೃಹಿಣಿಯ ಅಡುಗೆಮನೆಯಲ್ಲಿ ವಿಶ್ವದ ಅಂತ್ಯವನ್ನು ಕಾಣಿಸುವ ಪಮೇಲಾ ಜೋಲಿನ್ ಅವರ ಕಥೆ ಅಮೆರಿಕದ ಓದುಗರಿಗೆ ತಲುಪಿದ್ದು ಈ ಪುಸ್ತಕದಲ್ಲಿ. ಹೊಸ ಅಲೆ ಎಂದು ಹೆಸರಾದ ಈ ಪಂಥವನ್ನು ಅಮೆರಿಕದಲ್ಲಿ ಬೆಂಬಲಿಸಿದವರಲ್ಲಿ ಮೆರಿಲ್ ಮುಂಚೂಣಿಯಲ್ಲಿದ್ದರು. ಅದರಿಂದ ಹಳೆಯ ಸ್ನೇಹಿತರ ಸಿಟ್ಟಿಗೂ ಗುರಿಯಾದರು.

ಇತರರ ಕಥೆಗಳಿಗೆ ಕೊಟ್ಟ ಕಾಲವನ್ನು ತಮ್ಮ ಕಥೆಗಳಿಂದಲೇ ಕಳೆದುಕೊಳ್ಳಬೇಕಾಯಿತು. 1960ರ ‘ದ ಟುಮಾರೋ ಪೀಪಲ್’ ಬಳಿಕ ಅವರಿಂದ ಕಾದಂಬರಿ ಬರಲಿಲ್ಲ. ಸಣ್ಣಕಥೆಗಳೂ ಅಪರೂಪವಾದವು. 12ನೇ ವಾರ್ಷಿಕ ಸಂಪುಟ 1968ರಲ್ಲಿ ಬಂತು, ಅದೇ ಕೊನೆಯದಾಯಿತು.

ಎರಡು ಜಾಹೀರಾತು, ಒಂದು ಗಡಿ

1968ರಲ್ಲಿ ವಿಯೆಟ್ನಾಂ ಯುದ್ಧ ಅಮೆರಿಕವನ್ನು ಸೀಳಿತ್ತು. ಯುದ್ಧವನ್ನು ವಿರೋಧಿಸುವ ವಿಜ್ಞಾನ ಕಥೆಗಾರರ ಸಹಿ ಸಂಗ್ರಹಿಸಿ ಜಾಹೀರಾತು ನೀಡಲು ಮೆರಿಲ್ ಮತ್ತು ಲೇಖಕಿ ಕೇಟ್ ವಿಲ್ಹೆಲ್ಮ್ ಮುಂದಾದರು. ಬೇರೊಂದು ಬಣ ಯುದ್ಧವನ್ನು ಬೆಂಬಲಿಸಿ ಸಹಿ ಹಾಕಿತು. ಆ ವರ್ಷದ ಜೂನ್ ತಿಂಗಳ ‘ಗ್ಯಾಲಕ್ಸಿ’ ಸಂಚಿಕೆಯಲ್ಲಿ ಎರಡೂ ಜಾಹೀರಾತುಗಳು ಪ್ರಕಟವಾದವು. ಅಸಿಮೋವ್, ರೇ ಬ್ರಾಡ್‌ಬರಿ, ಉರ್ಸುಲಾ ಲೆ ಗ್ವಿನ್ ಯುದ್ಧವಿರೋಧಿಗಳ ಸಾಲಿನಲ್ಲಿದ್ದರು. ರಾಬರ್ಟ್ ಹೈನ್‌ಲೈನ್ ಎದುರು ಸಾಲಿನಲ್ಲಿದ್ದರು. ಮೆರಿಲ್ ಅವರ ಮೊದಲ ವಿಜ್ಞಾನ ಕಥೆಯನ್ನು ಅಚ್ಚು ಹಾಕಿದ್ದ ಕ್ಯಾಂಪ್‌ಬೆಲ್ ಹೆಸರೂ ಅಲ್ಲೇ ಇತ್ತು. ಪತ್ರಿಕೆಯ ಸಂಪಾದಕರಾಗಿದ್ದವರು ಅವರ ಮಾಜಿ ಪತಿ ಫ್ರೆಡರಿಕ್ ಪೋಲ್.

ಅದೇ ವರ್ಷ ಷಿಕಾಗೋದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ವೇಳೆ ಪ್ರತಿಭಟನಾಕಾರರ ಮೇಲೆ ಪೊಲೀಸರು ನಡೆಸಿದ ದೌರ್ಜನ್ಯ ಅವರನ್ನು ಕಲಕಿತು. 45ರ ವಯಸ್ಸಿನಲ್ಲಿ ಅವರು ದೇಶವನ್ನೇ ತೊರೆದು ಕೆನಡಾದ ಟೊರಾಂಟೊಗೆ ಬಂದರು. ವಿದ್ಯಾರ್ಥಿಗಳೇ ನಡೆಸುತ್ತಿದ್ದ ರಾಚ್‌ಡೇಲ್ ಎಂಬ ಪ್ರಯೋಗಶೀಲ ಕಾಲೇಜಿನಲ್ಲಿ ಬರವಣಿಗೆ, ಪ್ರಕಾಶನದ ಮಾರ್ಗದರ್ಶಕಿಯಾದರು. ಕಡ್ಡಾಯ ಸೇನಾಸೇವೆಯನ್ನು ನಿರಾಕರಿಸಿ ಗಡಿ ದಾಟಿ ಬಂದ ಅಮೆರಿಕದ ಯುವಕರಿಗೆ ನೆರವಾದರು. 1976ರಲ್ಲಿ ಕೆನಡಾದ ಪೌರತ್ವ ಪಡೆದರು.

ಓದಿದ್ದನ್ನೆಲ್ಲ ಊರಿಗೆ ಕೊಟ್ಟರು

ಎರಡು ದಶಕಗಳ ಓದಿನಿಂದ ಉಳಿದ ಪುಸ್ತಕ, ಪತ್ರಿಕೆಗಳ ಸಂಗ್ರಹ ಅವರ ಬೆನ್ನಿಗೇ ಟೊರಾಂಟೊಗೆ ಬಂದಿತ್ತು. 1970ರಲ್ಲಿ ಸುಮಾರು 5,000 ಪ್ರತಿಗಳ ಆ ಸಂಗ್ರಹವನ್ನು ಅವರು ಟೊರಾಂಟೊ ಸಾರ್ವಜನಿಕ ಗ್ರಂಥಾಲಯಕ್ಕೆ ನೀಡಿದರು. ಅದಕ್ಕೆ ಇಟ್ಟ ಹೆಸರು ‘ಸ್ಪೇಸ್ಡ್ ಔಟ್ ಲೈಬ್ರರಿ’. ಬಾಹ್ಯಾಕಾಶವನ್ನೂ ಅಂದಿನ ಯುವಜನರ ಅಮಲಿನ ಆಡುಮಾತನ್ನೂ ಒಟ್ಟಿಗೆ ನೆನಪಿಸುವ ತುಂಟ ಹೆಸರದು. ಊರೂರಿನ ರದ್ದಿಯಲ್ಲಿ ಕರಗಿಹೋಗಬಹುದಾಗಿದ್ದ ಸಂಚಿಕೆಗಳಿಗೆ ಸರ್ಕಾರಿ ಕಟ್ಟಡದಲ್ಲಿ ಕಪಾಟು ದೊರೆಯಿತು. ಯಾವ ವಿದ್ಯಾರ್ಥಿಯಾದರೂ ಹೋಗಿ ಕೇಳಿ ಓದುವಂತಾಯಿತು. 1990ರ ದಶಕದ ಆರಂಭದಲ್ಲಿ ಸಂಗ್ರಹಕ್ಕೆ ಮೆರಿಲ್ ಅವರ ಹೆಸರನ್ನೇ ಇಡಲಾಯಿತು. 1995ರಲ್ಲಿ ಅದು ಲಿಲಿಯನ್ ಎಚ್. ಸ್ಮಿತ್ ಶಾಖೆಗೆ ಸ್ಥಳಾಂತರಗೊಂಡಿತು. ಈಗ ಅಲ್ಲಿ 80,000ಕ್ಕೂ ಹೆಚ್ಚು ಕೃತಿಗಳಿವೆ.

ಹೊಸ ನಾಡಿನಲ್ಲೂ ಅವರು ಸುಮ್ಮನೆ ಕೂರಲಿಲ್ಲ. 1970ರಲ್ಲಿ ಜಪಾನಿನ ಅಂತರರಾಷ್ಟ್ರೀಯ ವಿಜ್ಞಾನ ಕಥಾ ವಿಚಾರಗೋಷ್ಠಿಗೆ ಹೋಗಿ ಬಂದ ಬಳಿಕ ಜಪಾನಿ ಕಥೆಗಳನ್ನು ಇಂಗ್ಲಿಷಿಗೆ ತರುವ ಯತ್ನದಲ್ಲಿ ತೊಡಗಿದರು. 1970ರ ದಶಕದ ಕೊನೆಗೆ ಒಂಟಾರಿಯೊದ ದೂರದರ್ಶನ ವಾಹಿನಿ ‘ಡಾಕ್ಟರ್ ಹೂ’ ಧಾರಾವಾಹಿ ತೋರಿಸಿದಾಗ, ಕಂತು ಮುಗಿದ ಮೇಲೆ ಅದರ ವಿಚಾರಗಳನ್ನು ಕೆಲವೇ ನಿಮಿಷಗಳಲ್ಲಿ ಚರ್ಚಿಸುವ ಹೊಣೆ ಅವರದಾಯಿತು. ಪುಸ್ತಕ ವಿಮರ್ಶೆ ಓದದವರಿಗೂ ಹೀಗೆ ಅವರ ಪರಿಚಯವಾಯಿತು. 1985ರಲ್ಲಿ ಕೆನಡಾದ ವಿಜ್ಞಾನ ಕಥೆಗಳ ‘ಟೆಸರಾಕ್ಟ್ಸ್’ ಮಾಲಿಕೆಯ ಮೊದಲ ಸಂಪುಟವನ್ನು ಸಂಪಾದಿಸಿದರು. ಇಂಥದೊಂದು ಸಾಹಿತ್ಯ ಕೆನಡಾದಲ್ಲಿದೆ ಎಂಬ ನಂಬಿಕೆ ಅಲ್ಲಿಯ ಲೇಖಕರಲ್ಲೇ ಮೂಡಲು ಆ ಪುಸ್ತಕ ಕಾರಣವಾಯಿತು.

ಮೆರಿಲ್ 1997ರ ಸೆಪ್ಟೆಂಬರ್ 12ರಂದು ಟೊರಾಂಟೊದಲ್ಲಿ ನಿಧನರಾದರು. ಅಪೂರ್ಣವಾಗಿ ಉಳಿದಿದ್ದ ಆತ್ಮಕಥೆಯನ್ನು ಮೊಮ್ಮಗಳು ಎಮಿಲಿ ಪೋಲ್-ವೇರಿ ಪೂರ್ಣಗೊಳಿಸಿ 2002ರಲ್ಲಿ ಪ್ರಕಟಿಸಿದರು. ಮರುವರ್ಷ ಟೊರಾಂಟೊದಲ್ಲೇ ನಡೆದ ವಿಶ್ವ ವಿಜ್ಞಾನ ಕಥಾ ಸಮ್ಮೇಳನದಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಸಂದಿತು. ಅವರ ವಿಮರ್ಶೆ, ಮುನ್ನುಡಿಗಳ ಸಂಗ್ರಹ 2016ರಲ್ಲಿ ಪುಸ್ತಕವಾಯಿತು.

ವರ್ಷದ ಉತ್ತಮ ವಿಜ್ಞಾನ ಕಥೆಗಳನ್ನು ಆರಿಸಿ ಕೊಡುವ ಪರಿಪಾಠ ಮೆರಿಲ್ ಬಳಿಕವೂ ಮುಂದುವರಿಯಿತು. 1984ರಿಂದ 2018ರಲ್ಲಿ ಮರಣ ಹೊಂದುವವರೆಗೆ ಗಾರ್ಡ್ನರ್ ಡೊಜ್ವಾ ಆ ಹೊಣೆಯನ್ನು ನಿಷ್ಠೆಯಿಂದ ಹೊತ್ತರು. ಇಂದು ಪತ್ರಿಕೆಗಳ ಬಹುಪಾಲು ಕಾಗದ ಬಿಟ್ಟು ಅಂತರ್ಜಾಲಕ್ಕೆ ಬಂದಿವೆ. ತಿಂಗಳಿಗೆ ಬರುವ ಕಥೆಗಳ ರಾಶಿ ಮೆರಿಲ್ ಕಾಲಕ್ಕಿಂತ ದೊಡ್ಡದು. ಬರೆಯುವವರಿಗೆ ಕೊರತೆಯಿಲ್ಲ, ಅಚ್ಚಿಸುವ ಖರ್ಚೂ ಇಲ್ಲ. ಆದರೆ ಅಷ್ಟನ್ನೂ ತಾಳ್ಮೆಯಿಂದ ಓದಿ, ಹೆಸರಿಲ್ಲದವರ ಒಳ್ಳೆಯ ಕಥೆಗೂ ಹೆಸರುಳ್ಳವರ ಕಥೆಗೂ ಒಂದೇ ಮಾನದಂಡ ಹಿಡಿದು, ಕಾರಣ ಸಹಿತ ಮಾತನಾಡುವವರು ಬೇಕೇ ಬೇಕು. ಅಂಥ ಓದುಗರಿಲ್ಲದಿದ್ದರೆ ಯಾವ ಭಾಷೆಯ ಕಥೆಯಾದರೂ ಬಂದ ತಿಂಗಳಲ್ಲೇ ಮರೆಯಾಗುತ್ತದೆ. ಟೊರಾಂಟೊದ ಆ ಕಪಾಟುಗಳಲ್ಲಿ ಕಂದುಬಣ್ಣಕ್ಕೆ ತಿರುಗಿದ ಸಂಚಿಕೆಗಳು ಇಂದಿಗೂ ಓದಲು ಸಿಗುತ್ತಿರುವುದಕ್ಕೆ ಅಂಥ ಓದುಗಿಯೊಬ್ಬರ ಬದುಕೇ ಕಾರಣ.